ಮಾಸ್ಟರ್ ನೋಡುತ್ತಿದ್ದ ಊರು

ಮಾಸ್ಟರ್ ಅವರ ಹಣೆಯ ಮೇಲೆ, ಕುಂಕುಮ ಇಡುವ ಜಾಗಕ್ಕಿಂತ ಸ್ವಲ್ಪ ಮೇಲೆ, ಹುಣಸೆಬೀಜದಷ್ಟು ದಪ್ಪದ ಒಂದು ಗಂಟು ಇತ್ತು. ಕಾಫಿ ಅಂಗಡಿಯಿಂದ ಹಿಂದಿನ ಅಡುಗೆಮನೆಗೆ ಹೋಗುವ ಬಾಗಿಲು ಗಿಡ್ಡ, ಮಾಸ್ಟರ್ ಉದ್ದ. ಎಷ್ಟು ಬಗ್ಗಿದರೂ ಆಗಾಗ ಹಣೆಗೆ ಹೊಡೆಸಿಕೊಳ್ಳುತ್ತಲೇ ಇದ್ದರು. ಬಾಗಿಲನ್ನು ಸ್ವಲ್ಪ ಎತ್ತರ ಮಾಡಿಸಬಾರದೇ ಎಂದು ನಾನೊಮ್ಮೆ ಕೇಳಿದೆ. ಬಡಗಿ ಬಂದರೆ ಎರಡು ದಿನ ಸದ್ದು, ಪಕ್ಕದ ಮನೆಯವರಿಗೆ ಮೇವಾಕು ಎಂದರು. ಮೇವಾಕು ಎಂದರೆ ನಮ್ಮಿಂದ ಇನ್ನೊಬ್ಬರಿಗೆ ಆಗುವ ತೊಂದರೆ. ಜಪಾನಿನಲ್ಲಿ ನಾನು ಅತಿ ಹೆಚ್ಚು ಕೇಳಿದ, ಕೇಳಿ ಕೇಳಿ ಮೈ ಉರಿಸಿಕೊಂಡ ಮಾತು ಅದು. ಪಕ್ಕದವರಿಗೆ ಎರಡು ದಿನದ ಕಿರಿಕಿರಿ ತಪ್ಪಿಸಲು ಆ ಮನುಷ್ಯ ಜೀವನವಿಡೀ ಹಣೆ ಚಚ್ಚಿಕೊಂಡರು.

ಅವರ ಹೆಸರು ನನಗೆ ಗೊತ್ತಿತ್ತು, ಆದರೆ ಒಮ್ಮೆಯೂ ಆ ಹೆಸರಿನಿಂದ ಕರೆದದ್ದಿಲ್ಲ. ಹಳೆಯ ಕಾಫಿ ಅಂಗಡಿಯ ಯಜಮಾನನನ್ನು ಅಲ್ಲಿ ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಅವರು ನನ್ನನ್ನು ಓಕುಸಾನ್ ಎನ್ನುತ್ತಿದ್ದರು, ಅಂದರೆ ಮನೆಯಾಕೆ. ಮೈಸೂರಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಗಂಡನ ಹಿಂದೆ ಟೋಕಿಯೋಗೆ ಬಂದು ಕೂತವಳಿಗೆ ಆ ಹೆಸರು ಮೊದಮೊದಲು ಮುಳ್ಳಿನಂತೆ ಚುಚ್ಚುತ್ತಿತ್ತು. ಆಮೇಲೆ ಅವರ ಬಾಯಲ್ಲಿ ಮಾತ್ರ ಅದು ಹಿತವಾಗತೊಡಗಿತು.

ಟೋಕಿಯೋದ ಫುನಾಬೊರಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಎದುರು ಸಾಲಿನಲ್ಲೇ ಅವರ ಅಂಗಡಿ. ಮೈಸೂರಿನ ಅಭ್ಯಾಸದಂತೆ ನನಗೆ ನಸುಕಿನಲ್ಲೇ ಎಚ್ಚರ. ಆದರೆ ಏಳು ಗಂಟೆಗೆ ಮುಂಚೆ ಮಿಕ್ಸಿ ಹಾಕುವಂತಿರಲಿಲ್ಲ. ಕೆಳಗಿನ ಮನೆಯವರಿಗೆ ಸದ್ದು ಕೇಳುತ್ತದೆಯಂತೆ ಎಂದು ಕಟ್ಟಡದ ಮ್ಯಾನೇಜರ್ ನಮ್ಮ ಬಾಗಿಲಲ್ಲಿ ನಿಂತು, ತಪ್ಪು ತನ್ನದೇ ಎಂಬಂತೆ ಬಗ್ಗಿ ಬಗ್ಗಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ ಹೋಗಿದ್ದ. ಚಟ್ನಿಗೆ ಕಾಯಿ ತುರಿದಿಟ್ಟು, ಗಂಡ ಮಗ ಮಲಗಿರುವಾಗ, ಗಡಿಯಾರ ನೋಡುತ್ತಾ ಕೂರುವುದು ನನ್ನ ದಿನಚರಿಯಾಯಿತು. ಹಾಗೆ ಕೂತಿದ್ದ ಒಂದು ಚಳಿಗಾಲದ ನಸುಕಿನಲ್ಲಿ ಎದುರಿನ ಅಂಗಡಿಯಲ್ಲಿ ದೀಪ ಕಂಡಿತು. ಶಾಲು ಹೊದ್ದು ಇಳಿದು ಹೋದೆ.

ಬಾಗಿಲಿಗೆ ಮುಚ್ಚಿದೆ ಎಂಬ ಫಲಕ ನೇತಾಡುತ್ತಿತ್ತು. ಒಳಗೆ ಟಿವಿಯಲ್ಲಿ ಫುಟ್‌ಬಾಲ್. ಅದರ ಎದುರು ಒಬ್ಬ ಮುದುಕ, ಕೌಂಟರಿನ ಹಿಂದೆ ಮಾಸ್ಟರ್. ನಾನು ಜಪಾನಿಯಲ್ಲಿ ಏನೋ ಹೇಳಹೊರಟು ಅರ್ಧಕ್ಕೇ ಸಿಕ್ಕಿಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಕೈಸನ್ನೆ ಮಾಡಿ, ಇಲ್ಲವೇ ಫೋನಿನ ಅನುವಾದ ಮುಂದೆ ಹಿಡಿದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಮಾಸ್ಟರ್ ಕಾದರು. ಕೈಯಲ್ಲಿದ್ದ ಕೆಟಲನ್ನು ಹಾಗೇ ಎತ್ತಿ ಹಿಡಿದು, ನನ್ನ ವಾಕ್ಯ ಕುಂಟುತ್ತಾ ಕೊನೆ ಮುಟ್ಟುವವರೆಗೆ ನಿಂತರು. ಆಮೇಲೆ ಸ್ಟೂಲು ತೋರಿಸಿದರು. ಆ ದೇಶಕ್ಕೆ ಹೋಗಿ ಐದು ತಿಂಗಳಾಗಿತ್ತು. ನನ್ನ ಒಂದು ಮಾತನ್ನು ಪೂರ್ತಿ ಕೇಳಿಸಿಕೊಂಡ ಮೊದಲ ಮನುಷ್ಯ ಅವರು. ಹೇಳಿಕೊಳ್ಳಲು ಇದೇನು ದೊಡ್ಡ ವಿಷಯ ಎನ್ನಿಸಬಹುದು. ನನಗೆ ಅದು ದೊಡ್ಡದೇ.

ಟಿವಿಯ ಎದುರಿಗಿದ್ದವರು ನಿವೃತ್ತ ಟ್ಯಾಕ್ಸಿ ಡ್ರೈವರ್. ಟ್ಯಾಕ್ಸಿ ಅಜ್ಜ ಎಂದು ನಾನೇ ಹೆಸರಿಟ್ಟೆ. ಆಟ ನನಗೆ ಕಲಿಸಿದ್ದು ಅವರು. ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಸೇರಿ ಆಡುವ ಟೂರ್ನಿ ಅದು. ಫೆಬ್ರವರಿಯಿಂದ ಸೋತವರು ಮನೆಗೆ. ಪ್ರತಿ ಸುತ್ತಿನಲ್ಲೂ ಎರಡು ಪಂದ್ಯ, ಒಂದು ತಮ್ಮ ಊರಲ್ಲಿ, ಇನ್ನೊಂದು ಎದುರಾಳಿಯ ಊರಲ್ಲಿ. ಅಲ್ಲಿ ರಾತ್ರಿ ಶುರುವಾದ ಆಟ ನಮಗೆ ನಸುಕಿಗೆ ಬರುತ್ತಿತ್ತು. ಮಾಸ್ಟರ್ ಅವರದ್ದು ದೊಡ್ಡ ದೇಶದ ಹೆಸರುವಾಸಿ ಕ್ಲಬ್ಬಲ್ಲ. ಸಣ್ಣ ದೇಶವೊಂದರ, ನದಿ ದಂಡೆಯ ಊರಿನ ಹಸಿರು ಅಂಗಿಯ ತಂಡ. ಆ ದೇಶದ ಸ್ವಂತ ಪಂದ್ಯಗಳನ್ನು ಜಪಾನಿನಲ್ಲಿ ತೋರಿಸುವವರಿರಲಿಲ್ಲ. ಈ ಟೂರ್ನಿಯಲ್ಲಿ ಉಳಿದಷ್ಟು ದಿನ ಮಾತ್ರ ಆ ತಂಡ ಟಿವಿಯಲ್ಲಿ ಬರುತ್ತಿತ್ತು.

ಮನೆಗೆ ಬಂದು ಹೇಳಿದರೆ ನಮ್ಮವರು ಹಲ್ಲುಜ್ಜುವುದನ್ನೇ ನಿಲ್ಲಿಸಿದರು.

“ಫುಟ್‌ಬಾಲಾ? ನೀನಾ? ಮಗನ ಸ್ಕೂಲ್ ಮ್ಯಾಚಿಗೇ ಬೋರ್ ಅಂತ ಬರಲ್ಲ ನೀನು.”

ನಿಜವೇ. ಆದರೆ ನನಗೆ ಬೇಕಿದ್ದದ್ದು ಆಟವಲ್ಲ, ಕೂರಲು ಒಂದು ಜಾಗ. ಎರಡು ವರ್ಷ ಚಳಿಗಾಲ ಬಂತೆಂದರೆ ಅಲ್ಲಿ ಹೋಗಿ ಕೂತೆ. ಆ ಎರಡು ವರ್ಷವೂ ಹಸಿರು ತಂಡ ಫೆಬ್ರವರಿಗೆ ಮುಂಚೆಯೇ ಹೊರಬಿತ್ತು. ಹೊರಬಿದ್ದ ಮೇಲೂ ಟ್ಯಾಕ್ಸಿ ಅಜ್ಜನಿಗಾಗಿ ಮಾಸ್ಟರ್ ಅಂಗಡಿ ತೆರೆಯುತ್ತಿದ್ದರು, ಆದರೆ ಟಿವಿಯತ್ತ ತಿರುಗುತ್ತಿರಲಿಲ್ಲ.

ಮಾಸ್ಟರ್ ಚೆಂಡನ್ನು ನೋಡುವುದಿಲ್ಲ ಎಂದು ನನಗೆ ಹೊಳೆದದ್ದು ಮೂರನೆಯ ವರ್ಷ. ತಂಡ ಬೇರೆ ಊರಿನಲ್ಲಿ ಆಡುವ ದಿನ ಅವರು ಟಿವಿಗೆ ಬೆನ್ನು ಮಾಡಿ ಕಪ್ಪು ಒರೆಸುತ್ತಿದ್ದರು. ಗೋಲು ಬಿದ್ದರೂ ತಿರುಗುತ್ತಿರಲಿಲ್ಲ. ತಂಡ ತನ್ನ ಊರಿನಲ್ಲೇ ಆಡುವ ದಿನ ಮಾತ್ರ ಕೆಟಲು ಇಳಿಸಿ ಬಂದು ನಿಲ್ಲುತ್ತಿದ್ದರು. ಆಟ ಶುರುವಾಗುವ ಮುಂಚೆ ಊರನ್ನು ಒಂದು ಗಳಿಗೆ ತೋರಿಸುತ್ತಾರಲ್ಲ, ಸೇತುವೆ, ಟ್ರಾಮು, ದೀಪ ಹಚ್ಚಿದ ಬೀದಿ, ಅದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆಟದ ನಡುವೆ ಜನರತ್ತ ಕ್ಯಾಮೆರಾ ತಿರುಗಿದರೆ ಹೆಜ್ಜೆ ಮುಂದೆ ಇಡುತ್ತಿದ್ದರು. ಇವತ್ತು ಮಳೆ, ಎನ್ನುತ್ತಿದ್ದರು. ಎಲ್ಲರೂ ಟೋಪಿ ಹಾಕಿದ್ದಾರೆ, ಚಳಿ ಇದೆ, ಎನ್ನುತ್ತಿದ್ದರು. ಗೋಲು ಹೊಡೆದವನ ಹೆಸರು ಅವರಿಗೆ ಬರುತ್ತಲೇ ಇರಲಿಲ್ಲ.

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಆ ಊರಲ್ಲಿ ಯಾರಿದ್ದಾರೆ ಎಂದು ಕೇಳಿಯೇಬಿಟ್ಟೆ. ಟ್ಯಾಕ್ಸಿ ಅಜ್ಜ ಕಪ್ಪಿನೊಳಗೆ ಮುಖ ತೂರಿಸಿದರು. ಅಲ್ಲಿ ಅಂಥದ್ದನ್ನೆಲ್ಲ ಕೇಳುವುದಿಲ್ಲ. ಮಾಸ್ಟರ್ ಕಪ್ಪು ಒರೆಸುತ್ತಲೇ, ಮಗಳು ಎಂದರು.

ಉಳಿದದ್ದು ಚೂರುಚೂರಾಗಿ ತಿಳಿಯಿತು. ಒಬ್ಬಳೇ ಮಗಳು. ಹಳೆಯ ಕಟ್ಟಡಗಳ ಬಣ್ಣದ ಗಾಜಿನ ಕಿಟಕಿ ರಿಪೇರಿ ಮಾಡುವ ವಿದ್ಯೆ ಕಲಿಯಲು ಆ ಊರಿಗೆ ಹೋದವಳು. ಅವಳಿಗೆ ಕೊನೆಯ ಪರೀಕ್ಷೆ ಇದ್ದಾಗ ಇಲ್ಲಿ ತಾಯಿ ತೀರಿಕೊಂಡರು. ಅಷ್ಟು ದೂರದಿಂದ ಓಡಿಬರಬೇಕು, ಪರೀಕ್ಷೆ ಕೆಡುತ್ತದೆ, ಮಗುವಿಗೆ ಮೇವಾಕು ಎಂದು ಮಾಸ್ಟರ್ ಎಲ್ಲ ಮುಗಿಯುವವರೆಗೆ ತಿಳಿಸಲಿಲ್ಲ. ದಹನ ಆಗಿ, ಮೂಳೆ ಗಡಿಗೆಯಲ್ಲಿಟ್ಟು, ಆಮೇಲೆ ಫೋನು ಮಾಡಿದರು. ಮಗಳು ಆ ಫೋನು ಇಟ್ಟವಳು ಮತ್ತೆ ಮಾಡಲಿಲ್ಲ. ಇವರೂ ಮಾಡಲಿಲ್ಲ. ಅದಾದ ವರ್ಷವೇ ಅಂಗಡಿಗೆ ಟಿವಿ ಬಂತು.

ನನಗೆ ತಲೆ ಕೆಟ್ಟುಹೋಯಿತು. ನಮ್ಮಲ್ಲಾದರೆ ದೂರದ ಚಿಕ್ಕಪ್ಪ ಸತ್ತರೂ ಅಳುತ್ತಾ ಊರಿಗೆಲ್ಲ ಫೋನು ಮಾಡುತ್ತಾರೆ, ತಿಳಿಸದಿದ್ದರೆ ಜಗಳವಾಡುತ್ತಾರೆ. ಇವತ್ತೇ ಫೋನು ಮಾಡಿ ಎಂದು ಗಂಟುಬಿದ್ದೆ. ಮಾಸ್ಟರ್ ಬೈಯಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ.

“ಓಕುಸಾನ್, ಅವಳು ಚೆನ್ನಾಗಿದ್ದರೆ ನನ್ನ ಫೋನು ತೊಂದರೆ. ಚೆನ್ನಾಗಿಲ್ಲದಿದ್ದರೆ ಇನ್ನೂ ತೊಂದರೆ. ಊರು ಕಾಣುತ್ತದೆ, ಸಾಕು.”

ಆ ವರ್ಷ ಎಂದೂ ಇಲ್ಲದ್ದು ನಡೆಯಿತು. ಹಸಿರು ತಂಡ ಫೆಬ್ರವರಿ ದಾಟಿತು. ಟ್ಯಾಕ್ಸಿ ಅಜ್ಜ ಮಗುವಿನಂತೆ ಹಿಗ್ಗಿದರು. ಅದೇ ತಿಂಗಳು ಮಾಸ್ಟರ್ ಸೊರಗತೊಡಗಿದರು. ಏಪ್ರನ್ನಿನ ದಾರ ಸೊಂಟಕ್ಕೆ ಎರಡು ಸುತ್ತು ಬರುವಂತಾಯಿತು. ಹೊಟ್ಟೆಯಲ್ಲಿ ಗಡ್ಡೆ, ಕೊಯ್ಯುವ ಹಂತ ದಾಟಿದೆ, ಡಾಕ್ಟರು ಬೇಸಿಗೆಯವರೆಗೆ ಎಂದಿದ್ದಾರೆ. ಇದನ್ನು ಅವರು ನಮಗೆ ಹೇಳಿದ್ದು, ಮುಂದಿನ ವಾರ ಹಾಲಿನವನು ರಜೆ ಎನ್ನುವ ಧಾಟಿಯಲ್ಲಿ. ಹೊಸ ಟೂರ್ನಿ ಶುರುವಾಗುವುದು ಅಲ್ಲಿಯ ಬೇಸಿಗೆ ಕಳೆದು ಸೆಪ್ಟೆಂಬರಿನಲ್ಲಿ. ಅಂದರೆ ಈ ತಂಡ ಸೋತ ದಿನವೇ ಮಾಸ್ಟರ್ ಪಾಲಿಗೆ ಆ ಊರು ಮುಗಿಯಿತು. ನಾನು, ಫುಟ್‌ಬಾಲಿನ ತಲೆಬುಡ ತಿಳಿಯದವಳು, ಮನೆಯ ದೇವರ ಮುಂದೆ ಆ ಹಸಿರು ಅಂಗಿಯವರಿಗಾಗಿ ತುಪ್ಪದ ದೀಪ ಹಚ್ಚಿದೆ. ನಮ್ಮವರು ನಕ್ಕರು. ಕಾರಣ ಹೇಳಿದ ಮೇಲೆ ನಗಲಿಲ್ಲ.

ಮಾರ್ಚಿನ ಸುತ್ತನ್ನು ತಂಡ ಹೇಗೋ ಗೆದ್ದಿತು. ಏಪ್ರಿಲ್‌ನಲ್ಲಿ ಕ್ವಾರ್ಟರ್ ಫೈನಲ್. ಮೊದಲ ಪಂದ್ಯ ಹೊರಗೆ, ಒಂದು ಗೋಲಿನಿಂದ ಸೋಲು. ಎರಡನೆಯದು ತಂಡದ ಊರಿನಲ್ಲೇ. ಅವತ್ತು ಮಾಸ್ಟರ್ ನಿಂತು ನೋಡುವ ಸ್ಥಿತಿಯಲ್ಲಿರಲಿಲ್ಲ. ಗಿರಾಕಿಗಳ ಕುರ್ಚಿಯಲ್ಲಿ ಕೂತರು, ಕಾಫಿ ನಾನೇ ಸೋಸಿದೆ. ತಂಡ ಒಂದು ಗೋಲು ಹೊಡೆದು ಲೆಕ್ಕ ಸಮ ಮಾಡಿತು. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿಗೆ ಬಂತು. ಕೊನೆಗೆ ಹಸಿರು ಅಂಗಿಯ ಒಬ್ಬ ಎಳೆ ಹುಡುಗ ಒದ್ದ ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು. ಟ್ಯಾಕ್ಸಿ ಅಜ್ಜ ತಲೆ ಹಿಡಿದುಕೊಂಡರು. ಮಾಸ್ಟರ್ ಮಾತ್ರ ಎದ್ದುಹೋಗುವ ಜನರನ್ನು, ಕೋಟಿನ ಗುಂಡಿ ಹಾಕಿಕೊಳ್ಳುವವರನ್ನು, ಹೆಗಲ ಮೇಲೆ ಮಲಗಿದ ಮಕ್ಕಳನ್ನು ನೋಡುತ್ತಲೇ ಇದ್ದರು. ಜಾಹೀರಾತು ಬಂತು. ಅವರೇ ಎದ್ದು ಟಿವಿ ಆರಿಸಿದರು. ಒತ್ಸುಕಾರೆ ಸಾಮಾ ಎಂದರು. ದಿನದ ಕೆಲಸ ಮುಗಿಸಿದವರಿಗೆ ಹೇಳುವ ಮಾತು ಅದು. ಹೇಳಿದ್ದು ಆ ತಂಡಕ್ಕೋ ನಮಗೋ ತಿಳಿಯಲಿಲ್ಲ. ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಹತ್ತು ದಿನವೂ ಆಗಿರಲಿಲ್ಲ, ಬೆಳಿಗ್ಗೆ ಮಾಸ್ಟರ್ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಟ್ಯಾಕ್ಸಿ ಅಜ್ಜ ಆಂಬುಲೆನ್ಸ್ ಕರೆಸಿದರು, ನಾನೂ ಹತ್ತಿದೆ. ಆಸ್ಪತ್ರೆಯವರಿಗೆ ಮನೆಯವರು ಬೇಕಿತ್ತು. ಮಾಸ್ಟರ್ ಚೀಬಾದಲ್ಲಿದ್ದ ತಮ್ಮ ಅಕ್ಕನ ನಂಬರು ಕೊಟ್ಟರು. ಆಕೆ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಸಣ್ಣ, ನೆಟ್ಟನೆಯ ಮುದುಕಿ. ತಮ್ಮನ ಹತ್ತಿರ ಕೂತು, ಮಗಳಿಗೆ ತಿಳಿಸಿದ್ದೇನೆ, ಬರುತ್ತಾಳೆ ಎಂದರು. ಮಾಸ್ಟರ್ ಕಣ್ಣು ಮುಚ್ಚಿಕೊಂಡರು. ಅಷ್ಟು ದೂರದಿಂದ ಬರಬೇಕು, ನಾಳೆಯಾಗುತ್ತದೆ, ಪಾಪ, ಎಂದು ಗೊಣಗಿದರು. ಅಕ್ಕ ಹೊದಿಕೆ ಸರಿಮಾಡಿದರು.

ಮಗಳು ಬಂದದ್ದು ಅವತ್ತೇ ಮಧ್ಯಾಹ್ನ ಎರಡಕ್ಕೆ.

ಅಪ್ಪನಷ್ಟೇ ಉದ್ದ, ತಲೆಗೂದಲಲ್ಲಿ ಅಲ್ಲಲ್ಲಿ ಬಿಳಿ. ಒಂದು ಕೈಯಲ್ಲಿ ಸಣ್ಣ ಚೀಲ, ಇನ್ನೊಂದರಲ್ಲಿ ಅಚ್ಚುಕಟ್ಟಾದ ಕಾಗದದ ಕೈಚೀಲ. ಜಪಾನಿನಲ್ಲಿ ಯಾರೂ ಇನ್ನೊಬ್ಬರ ಬಳಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ತಮ್ಮ ಊರಿನ ಸಿಹಿ ತೆಗೆದುಕೊಂಡೇ ಹೋಗಬೇಕು. ಎದೆ ಒಡೆದುಹೋಗುತ್ತಿದ್ದರೂ ಕೈ ತಾನಾಗಿ ಸ್ಟೇಷನ್ನಿನ ಅಂಗಡಿಯತ್ತ ಚಾಚುತ್ತದೆ. ಅವಳೂ ಹಾಗೇ ತಂದಿದ್ದಳು. ಅದು ಉಯಿರೋ ಎಂಬ ಅಕ್ಕಿಹಿಟ್ಟಿನ ಸಿಹಿ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ನಗೋಯಾ ಎಂದಿತ್ತು. ಅಷ್ಟು ಜಪಾನಿ ಓದಲು ನನಗೂ ಬರುತ್ತಿತ್ತು. ನಗೋಯಾ ಎಂದರೆ ಜಪಾನಿನದೇ ಊರು, ಟೋಕಿಯೋಗೆ ಬುಲೆಟ್ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ.

ಮಾಸ್ಟರ್ ಕಣ್ಣು ತೆರೆದು ಮೊದಲು ಮಗಳ ಮುಖ ನೋಡಿದರು. ಆಮೇಲೆ ಚೀಲ ನೋಡಿದರು. ಓದಿದರು. ಅವರು ಓದಿದ್ದನ್ನು ನಾನು ನೋಡಿದೆ. ಮಗಳು ಚೀಲವನ್ನು ಕಾಲಿನ ಹಿಂದಕ್ಕೆ ಸರಿಸಿಕೊಂಡಳು.

“ದೂರದಿಂದ ಬಂದೆ. ಸುಸ್ತಾಗಿರಬೇಕು” ಎಂದರು ಮಾಸ್ಟರ್.

ಅವಳು ತಲೆ ತಗ್ಗಿಸಿ, “ಹೂಂ” ಎಂದಳು.

ಅಕ್ಕನನ್ನು ಕಾರಿಡಾರಿಗೆ ಕರೆದು ಕೇಳಿದೆ. ಮಗಳು ಹಿಂತಿರುಗಿ ನಾಲ್ಕು ವರ್ಷವಾಗಿತ್ತು. ಅಲ್ಲಿ ಕೆಲಸ ಹೋಗಿ, ಜೊತೆಗಿದ್ದವನೂ ಬಿಟ್ಟುಹೋಗಿ, ನಗೋಯಾದ ಗಾಜಿನ ಕಾರ್ಖಾನೆಯೊಂದಕ್ಕೆ ಸೇರಿದ್ದಳು. ಸೋತು ಬಂದವಳು ಅಪ್ಪನಿಗೆ ಭಾರವಾಗಬಾರದು, ಹೇಳಬೇಡಿ ಎಂದು ಅತ್ತೆಯಿಂದ ಮಾತು ತೆಗೆದುಕೊಂಡಿದ್ದಳು. ಅತ್ತೆ ಮಾತು ಉಳಿಸಿಕೊಂಡಿದ್ದರು. ನಾನು ಮಾಸ್ಟರ್ ಜೊತೆ ಕೂತು ನೋಡಿದ ಒಂದು ಪಂದ್ಯದ ದಿನವೂ ಅವಳು ಆ ಊರಿನಲ್ಲಿರಲಿಲ್ಲ. ಅಪ್ಪ ಮಗಳು ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು.

ಆಮೇಲೆ ಮಾಸ್ಟರ್ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು. ಮಗಳು ರಜೆ ಹಾಕಿ ಅಂಗಡಿಯ ಮೇಲಿನ ಕೋಣೆಯಲ್ಲಿ ಉಳಿದಳು. ನಾನು ಸಾರು, ಗಂಜಿ ಒಯ್ಯುತ್ತಿದ್ದೆ. ಅವಳು ಅಪ್ಪನ ಉಗುರು ಕತ್ತರಿಸುತ್ತಿದ್ದಳು, ತುಟಿಗೆ ನೀರು ಸವರುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದದ್ದು ಹವೆಯ ವಿಷಯ, ದಿಂಬಿನ ವಿಷಯ. ಇವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಟೂರ್ನಿಯ ಫೈನಲ್ಲಿಗೆ ಮುಂಚೆಯೇ ಮಾಸ್ಟರ್ ಹೋಗಿಬಿಟ್ಟರು. ಫೈನಲ್ ಯಾರು ಗೆದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇಲ್ಲ.

ಅಂಗಡಿ ಖಾಲಿ ಮಾಡುವ ದಿನ ಕೈ ಜೋಡಿಸಲು ಹೋದೆ. ಮಗಳು ಕಪ್ಪುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಅಮ್ಮ ಅಂಗಡಿಗೆ ಟಿವಿ ತರಲು ಬಿಟ್ಟವಳೇ ಅಲ್ಲ, ಅಪ್ಪನಿಗೆ ಆಟದ ಹುಚ್ಚೂ ಇರಲಿಲ್ಲ, ಇದು ಹೇಗೆ ಬಂತು ಎಂದು ಕೇಳಿದಳು. ಟ್ಯಾಕ್ಸಿ ಅಜ್ಜ ಅಲ್ಲಿದ್ದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದರು. ಆ ದೇಶದಲ್ಲಿ ಅದೇ ಮರ್ಯಾದೆ. ನಾನು ಕುಂಟು ಜಪಾನಿಯಲ್ಲೇ ಎಲ್ಲ ಹೇಳಿದೆ, ಟೋಪಿ, ಮಳೆ, ಸೇತುವೆ, ಎಲ್ಲ. ಅವಳು ಅಡ್ಡ ಬಾಯಿ ಹಾಕಲಿಲ್ಲ. ನನ್ನ ಕೊನೆಯ ವಾಕ್ಯ ಮುಗಿಯುವವರೆಗೆ ಕಾದಳು.

ಆಮೇಲೆ ಕೇಳಿದಳು, “ನಾನು ಅಲ್ಲಿಂದಲೇ ಬಂದೆ ಅಂದುಕೊಂಡೇ ಅಪ್ಪ ಹೋದರಾ?”

ಹೌದು ಎಂದುಬಿಟ್ಟಿದ್ದರೆ ಅವಳು ಒಂದು ಬಗ್ಗು ಬಗ್ಗಿ ಕಪ್ಪು ಸುತ್ತಲು ಹಿಂತಿರುಗುತ್ತಿದ್ದಳು.

“ಇಲ್ಲ” ಎಂದೆ. “ಬಂದ ದಿನವೇ ಅವರಿಗೆ ಗೊತ್ತಾಯಿತು. ನಿಮಗೆ ಕಷ್ಟವಾಗಬಾರದು ಅಂತ ಕೇಳಲಿಲ್ಲ.”

ಅವಳು ಕೌಂಟರಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಆ ದೇಶದಲ್ಲಿ ಯಾರೂ ಅಷ್ಟು ಜೋರಾಗಿ ಅತ್ತದ್ದನ್ನು ನಾನು ಕೇಳಿರಲಿಲ್ಲ. ಬೀದಿಯ ಬಾಗಿಲು ತೆರೆದೇ ಇತ್ತು, ಜನ ಓಡಾಡುತ್ತಿದ್ದರು. ನಾನು ಎದ್ದು ಬಾಗಿಲು ಮುಚ್ಚಲಿಲ್ಲ. ಕೇಳಿಸಿದರೆ ಕೇಳಿಸಲಿ ಎಂದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತೆ.