ಗೋಡೆಗೆ ಹಚ್ಚಿದ ತೋಳದ ಗವಿ

ವರವು ಕಾವಲು ಎಂಬ ಹುಲ್ಲುಗಾವಲಿನ ಪಕ್ಕದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಟೀಚರು ಕುರಿಗಾಹಿಗಳ ಮಕ್ಕಳಿಗೆ ತೋಳದ ಚಿತ್ರಪುಸ್ತಕ ಓದುತ್ತಿದ್ದರು. ಮಕ್ಕಳು ಹೆದರಿದರೆ ಮರಿಗಳಿದ್ದ ಪುಟವನ್ನು ಅಂಗೈಯಿಂದ ಸವರಿ, "ಅವಕ್ಕೂ ಒಬ್ಳು ಅವ್ವ ಅದಾಳೆ ಕಣ್ರೋ" ಎನ್ನುತ್ತಿದ್ದರು.

ಒಬ್ಬ ಹುಡುಗಿಯ ಭಯ ಎಷ್ಟು ಹೋಯಿತೆಂದರೆ, ಕಾವಲಿನಲ್ಲಿ ತಾನು ಕಂಡ ತೋಳದ ಗವಿಯನ್ನು ಬಂಡೆ, ಜಾಲಿಮರ, ಮೂರು ಮರಿಗಳ ಸಮೇತ ಬರೆದು ತಂದಳು. ಟೀಚರು ಹಿಗ್ಗಿ ಗೋಡೆಗೆ ಹಚ್ಚಿದರು. ಅಂಟು ಕೊಟ್ಟವನು ನಾನೇ.

ಆ ವಾರ ಹುಡುಗಿಯ ಅಪ್ಪನ ಎರಡು ಕುರಿಮರಿಗಳನ್ನು ತೋಳ ಒಯ್ದಿತ್ತು. ಅವಳನ್ನು ಕರೆದೊಯ್ಯಲು ಬಂದವನು ಚಿತ್ರದ ಮುಂದೆ ನಿಂತ.

"ಇದು ಜೋಡಿಬಂಡೆ ಹತ್ರ ಅಲ್ಲೇನವ್ವ?"

ಮಗಳು ಹೆಮ್ಮೆಯಿಂದ ಹೂಂ ಎಂದಳು.

ಮರುದಿನ ಕುರಿಗಾಹಿಗಳು ಗವಿಗೆ ಹೊಗೆ ಹಾಕಿ ಮರಿಗಳನ್ನು ಕೊಂದರು.

ಟೀಚರು ಮತ್ತೆ ಪುಸ್ತಕ ತೆರೆದಾಗ ಅಂಗೈ ಮರಿಗಳ ಪುಟದ ಮೇಲೇ ನಿಂತಿತು. ಹುಡುಗಿಯೇ ಹೇಳಿದಳು: "ಅವುಗಳ ಅವ್ವ ಇನ್ನೂ ಅಲ್ಲೇ ತಿರುಗಾಡ್ತಾ ಅದಾಳೆ, ಟೀಚರ್."