ಎರಡು ವರ್ಷದ ಖಾಲಿ ಜಾಗ

ಇಂಟರ್‌ಮೀಡಿಯೆಟ್ ಮುಗಿಸಿದ ವರ್ಷವೇ ನನಗೆ ಕ್ಷಯ ಬಂತು. ಊರಾಚೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಇದ್ದೆ. ಐವತ್ತರ ದಶಕದ ಆರಂಭ ಅದು. ಆಗತಾನೇ ಬಂದಿದ್ದ ಹೊಸ ಇಂಜೆಕ್ಷನ್ ನನ್ನನ್ನು ಉಳಿಸಿತು. ಆದರೆ ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯವರ ಪಾಲಿಗೆ ನಾನು ಅಷ್ಟು ದಿನವೂ ಮೈಸೂರಿನ ದೊಡ್ಡಮ್ಮನ ಮನೆಯಲ್ಲಿದ್ದೆ. ಕ್ಷಯ ಬಂದವರ ಮನೆಯಲ್ಲಿ ನೀರು ಕುಡಿಯಲೂ ಜನ ಹೆದರುತ್ತಿದ್ದರು. ಮದುವೆಯಾಗಬೇಕಾದ ಹುಡುಗಿಯೆಂದರೆ ಕೇಳುವುದೇ ಬೇಡ.

ಗುಣವಾಗಿ ಬಂದ ಮೇಲೆ ಟೈಪಿಂಗ್ ಕಲಿತು, ಪರೀಕ್ಷೆ ಪಾಸು ಮಾಡಿ, ಕೆಲಸಕ್ಕೆ ಅರ್ಜಿ ಹಾಕತೊಡಗಿದೆ. ಅರ್ಜಿಯ ಒಕ್ಕಣೆ ಅಪ್ಪನದು. ಮೇಷ್ಟರಾಗಿ ನಿವೃತ್ತರಾಗಿದ್ದ ಅವರ ಇಂಗ್ಲಿಷ್ ಬಲು ಗಂಭೀರ. ಮಹಾಸ್ವಾಮಿಯವರಿಗೆ ಬಿನ್ನಹ ಬರೆದ ಹಾಗೆ ಅರ್ಧ ಪುಟ ವಿನಯವೇ ತುಂಬಿರುತ್ತಿತ್ತು. ಕೆಲಸ ಕೊಟ್ಟರೆ ನಮ್ಮ ಇಡೀ ಕುಟುಂಬ ತಮ್ಮ ದೀರ್ಘಾಯುಷ್ಯಕ್ಕಾಗಿ ಪ್ರಾರ್ಥಿಸುವುದು ಎಂದು ಮುಗಿಯುತ್ತಿತ್ತು. ಎಷ್ಟು ಕಳಿಸಿದರೂ ಉತ್ತರವಿಲ್ಲ.

ಒಂದೇ ಒಂದು ಕಡೆಯಿಂದ ಕರೆ ಬಂತು. ಚಾಮರಾಜಪೇಟೆಯ ಒಂದು ಶಾಲೆಯ ಆಫೀಸಿಗೆ. ಅಲ್ಲಿಯ ಹೆಡ್‌ಮಿಸ್ಟ್ರೆಸ್ ಅರ್ಜಿ ನೋಡಿ, "ಇಂಟರ್‌ಮೀಡಿಯೆಟ್ ಆದ್ಮೇಲೆ ಎರಡು ವರ್ಷ ಏನ್ ಮಾಡ್ತಿದ್ದೆ?" ಎಂದರು.

"ಮೈಸೂರಲ್ಲಿ ದೊಡ್ಡಮ್ಮನ ಮನೇಲಿದ್ದೆ, ಮೇಡಂ."

"ಹೌದಾ? ನಮ್ದೂ ಮೈಸೂರೇ! ಯಾವ ಮೊಹಲ್ಲಾ?"

ದೊಡ್ಡಮ್ಮನ ಮನೆಗೆ ನಾನು ಹೋಗಿದ್ದು ಎಳವೆಯಲ್ಲಿ ಒಂದೇ ಸಲ. ಬಾಯಿಗೆ ಬಂದ ಹೆಸರು ಹೇಳಿದೆ. ಅವರು ಖುಷಿಯಿಂದ, ಪಕ್ಕದ ದೇವಸ್ಥಾನ ಯಾವುದು, ತರಕಾರಿಗೆ ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳುತ್ತಲೇ ಹೋದರು. ನಾನು ತಡವರಿಸಿದೆ. ಅವರ ಮುಖದಲ್ಲಿದ್ದ ನಗು ಸ್ವಲ್ಪ ಸ್ವಲ್ಪವೇ ಇಳಿದು ಹೋಯಿತು. "ಆಯ್ತಮ್ಮಾ, ತಿಳಿಸ್ತೀವಿ" ಎಂದರು.

ಮಾರನೆಯ ದಿನ ಟೈಪಿಂಗ್ ಕ್ಲಾಸಿಗೆ ಹೋಗಿ ನಮ್ಮ ಮೇಷ್ಟರ ಮುಂದೆ ಅರ್ಜಿ ಇಟ್ಟೆ. ಅವರು ಹಿಂದೆ ದೊಡ್ಡ ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವರು. ಬಂದ ಅರ್ಜಿಗಳನ್ನು ಆರಿಸುವುದೇ ಅವರ ಕೆಲಸವಾಗಿತ್ತಂತೆ.

"ಇದ್ರಲ್ಲಿ ಸಾಹೇಬರ ಗುಣಗಾನ ಇದೆ, ನಿನಗೇನ್ ಬರುತ್ತೆ ಅನ್ನೋದು ಕೊನೇಲಿದೆಯಲ್ಲಮ್ಮಾ," ಎಂದರು. "ಅಲ್ಲೀವರೆಗೂ ಯಾರು ಓದ್ತಾರೆ? ಅವರಿಗೆ ಟೈಪಿಸ್ಟ್ ಬೇಕು. ಮೊದಲನೇ ಸಾಲಲ್ಲೇ ಹೇಳು, ಟೈಪಿಂಗ್ ಪಾಸಾಗಿದೀನಿ, ಇಷ್ಟು ಸ್ಪೀಡಿದೆ ಅಂತ. ಓದು, ವಯಸ್ಸು ಎಲ್ಲಾ ಬೇರೆ ಹಾಳೇಲಿ, ವರ್ಷದ ಪ್ರಕಾರ ಇಡು." ಆಮೇಲೆ ಬೆರಳು ಒಂದು ಕಡೆ ನಿಲ್ಲಿಸಿದರು. "ಇಲ್ಲಿ ಎರಡು ವರ್ಷ ಖಾಲಿ ಇದೆ. ಓದೋರ ಕಣ್ಣು ನೇರ ಇಲ್ಲಿಗೇ ಬರುತ್ತೆ."

 ತಗ್ಗಿದ ದನಿಯಲ್ಲಿ ಆಸ್ಪತ್ರೆಯ ವಿಷಯ ಹೇಳಿಬಿಟ್ಟೆ. ಅವರು ಕುರ್ಚಿ ಹಿಂದಕ್ಕೆ ಸರಿಸಬಹುದು ಎಂದುಕೊಂಡಿದ್ದೆ. ಸರಿಸಲಿಲ್ಲ.

"ಈಗ ಹೇಗಿದೀಯ?"

"ಪೂರ್ತಿ ಗುಣ ಆಗಿದೆ ಸರ್. ಡಾಕ್ಟರು ಬರ್ಕೊಟ್ಟಿದಾರೆ."

"ಹಾಗಾದ್ರೆ ಅದನ್ನೇ ಬರಿ. ಒಂದೇ ಸಾಲು. ಅಳೋದೂ ಬೇಡ, ಮುಚ್ಚೋದೂ ಬೇಡ."

ಮನೆಯಲ್ಲಿ ಹೊಸ ಅರ್ಜಿ ಬರೆದು ಓದಿ ಹೇಳಿದಾಗ ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ನಿನಗೇನಾಗಿದೆಯೇ? ಇಷ್ಟು ದಿನ ಉಸಿರು ಬಿಗಿಹಿಡಿದು ಕಾಪಾಡಿದ್ದನ್ನ ನೀನೇ ಅಂಚೆಗೆ ಹಾಕ್ತೀಯಾ?"

ಅಪ್ಪ ಹೊಸ ಅರ್ಜಿಯನ್ನು ಎರಡು ಸಲ ಓದಿದರು. ತಮ್ಮ ಒಕ್ಕಣೆಯಲ್ಲಿ ಒಂದಕ್ಷರವೂ ಉಳಿಯದ್ದು ನೋಡಿ ಅವರಿಗೆ ನೋವಾಗಿರಬೇಕು. ಆದರೂ, "ಕಳಿಸ್ಲಿ ಬಿಡೇ. ಸುಳ್ಳು ಹೇಳಿಸಿ ಅವಳನ್ನ ಆ ಹೆಡ್‌ಮಿಸ್ಟ್ರೆಸ್ ಮುಂದೆ ನಿಲ್ಸಿದ್ದು ನಾವೇ ತಾನೆ?" ಎಂದು ಅಮ್ಮನಿಗೆ ಹೇಳಿ, ಲಕೋಟೆಗೆ ತಾವೇ ಅಂಟು ಹಚ್ಚಿದರು.

ಉಪ್ಪಾರಪೇಟೆಯ ಒಂದು ವ್ಯಾಪಾರದ ಆಫೀಸಿನಿಂದ ಕರೆ ಬಂತು. ಅಪ್ಪ ಜೊತೆಗೆ ಬಂದು ಕೆಳಗೆ ರಸ್ತೆಯಲ್ಲೇ ನಿಂತರು. ಮೇಲೆ ಮ್ಯಾನೇಜರು ಮೊದಲು ಒಂದು ಪತ್ರ ಟೈಪ್ ಮಾಡಿಸಿದರು. ಅದನ್ನು ಬೆಳಕಿಗೆ ಹಿಡಿದು ನೋಡುತ್ತ, "ಕಾಯಿಲೆ ಆಗಿತ್ತು ಅಂತ ಬರ್ದಿದೀರಿ. ದಿನಾ ಈ ಮೆಟ್ಟಿಲು ಹತ್ತೋಕಾಗುತ್ತಾ?" ಎಂದರು.

"ಈಗ ಹತ್ತಿಕೊಂಡೇ ಬಂದೆ ಸರ್. ಡಾಕ್ಟರ ಸರ್ಟಿಫಿಕೇಟ್ ತಂದಿದೀನಿ."

ಅವರು ಅದನ್ನು ಓದಿ ಅರ್ಜಿಯ ಜೊತೆ ಗುಂಡುಸೂಜಿ ಚುಚ್ಚಿಟ್ಟು, "ಒಂದನೇ ತಾರೀಕಿಂದ ಬನ್ನಿ" ಎಂದರು. ಮುಂದಿನ ಪ್ರಶ್ನೆಗೆ ಕಾಯುತ್ತ ನಾನು ಇನ್ನೂ ಕುಳಿತೇ ಇದ್ದೆ. "ಅಷ್ಟೇಮ್ಮಾ," ಎಂದು ಅವರೇ ನಕ್ಕರು.

ಕೆಳಗಿಳಿದಾಗ ಅಪ್ಪ ಕೇಳಿದರು: "ಅದನ್ನ ಕೇಳಿದ್ರಾ?"

"ಕೇಳಿದ್ರು. ಹೇಳ್ದೆ. ಒಂದನೇ ತಾರೀಕಿಂದ ಬನ್ನಿ ಅಂದ್ರು."

ಅಪ್ಪ ಪಕ್ಕದ ಹೋಟೆಲಿನ ಫ್ಯಾಮಿಲಿ ರೂಮಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಹೇಳಿದರು. ಆ ದಿನ ನನಗಾದ ಹಸಿವು! ಇನ್ನು ಮೇಲೆ ನಾನು ವಾಸವೇ ಮಾಡದ ಊರಿನ ಬೀದಿಗಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ ಎನ್ನುವುದೇ ಸಾಕಾಗಿತ್ತು.

ಸುದ್ದಿ ಕೇಳಿ ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಇಷ್ಟು ದಿನ ಸದಾ ಮುಚ್ಚಿಡುತ್ತಿದ್ದ ಬೀದಿ ಬಾಗಿಲು ಹಾರುಹೊಡೆದಿದ್ದರೂ ಲೆಕ್ಕಿಸದೆ, ಸಂಜೆಯವರೆಗೂ ಗಾಢವಾಗಿ ನಿದ್ದೆ ಮಾಡಿದಳು.