ಮಜ್ಜಿಗೆ ನಿನಗೆ, ಓಟು ಅವರಿಗೆ

ಐವತ್ತೇಳರ ಚುನಾವಣೆಯ ಹಿಂದಿನ ದಿನ ಅಣ್ಣ ತನ್ನ ಪಕ್ಷದ ಪರವಾಗಿ ನಮ್ಮೂರು ಬೇಗೂರಿನ ಮನೆಮನೆಗೂ ಸೈಕಲ್ಲಿನಲ್ಲಿ ಹೋಗಿ, "ನಾಳೆ ಓಟು ಯಾರ್ಗೆ?" ಎಂದು ಕೇಳಿಕೊಂಡು ಬಂದ. ಎಲ್ಲರೂ ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟು, "ನಿಮ್ಮೋರ್ಗೇ ಕಣಪ್ಪ" ಎಂದಿದ್ದರು.

"ನಮ್ಮೋರು ಗೆದ್ದಂಗೇ ಕಣಮ್ಮಿ" ಎಂದು ನನ್ನ ಜಡೆ ಎಳೆದು ನಕ್ಕ. ಟೀ ಅಂಗಡಿಯಲ್ಲೂ ಅದನ್ನೇ ಸಾರಿದ.

ಎಣಿಕೆಯಾಗಿ ಸುದ್ದಿ ಬಂದಾಗ ಅವನ ಅಭ್ಯರ್ಥಿ ಸೋತಿದ್ದರು. ನಮ್ಮೂರಲ್ಲೇ ಅವರಿಗೆ ಓಟು ಬಿದ್ದಿರಲಿಲ್ಲ. ನಾಚಿಕೆಯಿಂದ ಮನೆಯಲ್ಲೇ ಕೂತಿದ್ದ ಅಣ್ಣ, ಕೊನೆಗೆ ನನ್ನನ್ನೂ ಕರೆದುಕೊಂಡು ಪಕ್ಕದ ಬೀದಿಯ ಅಜ್ಜಿಯ ಬಳಿಗೆ ಹೋದ. "ಯಾಕಜ್ಜಿ, ನಮ್ಮೋರ್ಗೆ ಅಂದಿದ್ದೆ?" ಎಂದ.

"ಬಿಸ್ಲಲ್ಲಿ ಬಾಗ್ಲಿಗೆ ಬಂದೋನ್ಗೆ ಇಲ್ಲ ಅನ್ನಕಾದದಾ ಮಗ? ಮಜ್ಗೆ ನಿಂಗೆ, ಓಟು ಅವ್ರಿಗೆ ಕಣ್ಲಾ!" ಎಂದು ಅಜ್ಜಿ ಮತ್ತೆ ಲೋಟ ಮುಂದಿಟ್ಟಳು. ಅಣ್ಣ ನಗುತ್ತಲೇ ಕುಡಿದ.

ಆಮೇಲೆ ಅವನು ಯಾರ ಮೊದಲ ಉತ್ತರವನ್ನೂ ನಂಬಲಿಲ್ಲ. ಮದುವೆಯಾದ ಮೇಲೆ ನಾನು ತವರಿಗೆ ಬಂದು "ಚೆನ್ನಾಗಿದ್ದೀನಿ" ಎಂದರೆ, "ಇದು ಮಜ್ಗೆ ಮಾತು. ದಿಟ ಏಳಮ್ಮಿ" ಎನ್ನುತ್ತಿದ್ದ.

ಅಣ್ಣ ತೀರಿಕೊಂಡು ತಿಂಗಳಾಯಿತು. ಬಂದವರೆಲ್ಲ ಹೇಗಿದ್ದೀಯ ಎಂದು ಕೇಳುತ್ತಾರೆ. ಚೆನ್ನಾಗಿದ್ದೀನಿ ಎನ್ನುತ್ತೇನೆ. ಅವರು ನಂಬಿ ಹೋಗುತ್ತಾರೆ. ಇನ್ನೊಮ್ಮೆ ಕೇಳುವವನು ಇಲ್ಲ.